ಹತ್ತೊಂಬತ್ತು ಕೆಜಿಯ ಖಾಲಿ ಪೆಟ್ಟಿಗೆ

ಸಿಟಿ ಬಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಕಂಡಕ್ಟರ್ ಆಗಿದ್ದ ಆಕೆಯನ್ನು ಡಿಪೋದಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ರೈಟಕ್ಕ ಅಂತ. ಉಳಿದ ಕಂಡಕ್ಟರುಗಳ ಬಾಯಲ್ಲಿ ವಿಷಲ್ ಇರುತ್ತಿತ್ತು. ಈಕೆಗೆ ಅದರ ಹಂಗು ಬೇಕಿರಲಿಲ್ಲ. ಹಿಂಬಾಗಿಲ ಮೆಟ್ಟಿಲ ಮೇಲೆ ನಿಂತು ಒಂದು ಸಲ ‘ರೈಟ್’ ಅಂದರೆ ಮುಂದೆ ನಿಂತಿರುವ ಇನ್ನೊಂದು ಬಸ್ಸಿನ ಡ್ರೈವರನೂ ಗೇರು ಹಾಕಿಬಿಡುತ್ತಾನೆ ಎಂದು ಜೊತೆಯವರು ತಮಾಷೆ ಮಾಡುತ್ತಿದ್ದರು.

ಆ ದನಿ ಅಷ್ಟು ಸಣ್ಣ ಮೈಯೊಳಗೆ ಎಲ್ಲಿ ಅಡಗಿತ್ತೋ ಗೊತ್ತಿಲ್ಲ. ಹಣದ ಚೀಲ ಹೊತ್ತು ಹೊತ್ತು ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಕೆಳಗಿಳಿದಿತ್ತು. ಚಿಲ್ಲರೆ ಇಲ್ಲವೆಂದು ಯಾರನ್ನೂ ಬರಿಗೈಯಲ್ಲಿ ಇಳಿಸಿದವಳಲ್ಲ. ಹಾಗೆಯೇ ಟಿಕೆಟ್ ಇಲ್ಲದೆ ಒಂದು ಕೋಳಿಮರಿ ಪ್ರಯಾಣ ಮಾಡಿದರೂ ಸಹಿಸುತ್ತಿರಲಿಲ್ಲ. ಮೂಟೆ, ಸೈಕಲ್ಲು, ಹೊಲಿಗೆ ಮೆಷಿನ್ನು, ಏನೇ ಹತ್ತಿದರೂ ತೂಕವೆಷ್ಟು, ಯಾರದು, ಎಲ್ಲಿಗೆ ಎಂದು ಕೇಳಿ ಬರೆದುಕೊಳ್ಳಲೇಬೇಕು. ಮನೆಯಲ್ಲೂ ಅದೇ ಚಾಳಿ. ಮನೆಯಿಂದ ಹೊರಗೆ ಹೋಗುವ ಯಾವ ಸಾಮಾನಿಗೂ ಒಂದು ಚೀಟಿ ಇರಬೇಕು. ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡುವ ಗಂಡ ಇದನ್ನೆಲ್ಲ ನೋಡಿ ನಗುತ್ತಿದ್ದ. ಮಾತು ಕಡಿಮೆಯ ಆ ಮನುಷ್ಯ ನಗುವುದೂ ಸದ್ದಿಲ್ಲದೆ.

ಆ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿದ್ದು ಊರಿನ ರೋಗಿಗಳನ್ನೆಲ್ಲ ಎತ್ತಿ ಕೂರಿಸಿದ ಹೆಂಗಸು ಅವರು. ಈಗ ತಮ್ಮನ್ನೇ ಇಬ್ಬರು ಸೇರಿ ಎತ್ತಬೇಕಾಗಿ ಬಂದದ್ದು ಅವರಿಗೆ ನೋವಿಗಿಂತ ದೊಡ್ಡ ಅವಮಾನವಾಗಿತ್ತು. ಎತ್ತುವ ರೀತಿ ಸರಿಯಿಲ್ಲ, ಕಂಕುಳಿಗೆ ಕೈ ಹಾಕಬಾರದು, ಬೆನ್ನಿಗೆ ಹಾಕಬೇಕು ಎಂದು ನರಳುತ್ತಲೇ ಪಾಠ ಹೇಳುತ್ತಿದ್ದರು. ಆಪರೇಷನ್ ಆದ ಮೇಲೆ ಮೂರು ತಿಂಗಳು ಗಾಲಿಕುರ್ಚಿಯಲ್ಲೇ ಓಡಾಟ ಎಂದು ಡಾಕ್ಟರು ಹೇಳಿದರು. ಆಸ್ಪತ್ರೆ ಎದುರಿನ ಅಂಗಡಿಯಲ್ಲಿ ಬೆಲೆ ಕೇಳಿ, ಕೈಗೆಟುಕುವುದಿಲ್ಲವೆಂದು ರೈಟಕ್ಕ ವಾಪಸ್ ಬಂದಳು. ಅಂಥದ್ದೇ ಕುರ್ಚಿ ಫೋನಿನಲ್ಲಿ ಸಾಮಾನು ಮಾರುವ ಒಂದು ಕಂಪನಿಯಲ್ಲಿ ಹನ್ನೊಂದು ಸಾವಿರಕ್ಕೆ ಸಿಗುತ್ತಿತ್ತು. ಕೂಡಿಟ್ಟ ದುಡ್ಡಿನಿಂದ ಪೂರ್ತಿ ಹಣ ಮೊದಲೇ ಕಟ್ಟಿ ತರಿಸಿದಳು.

ಕುರ್ಚಿ ನಾಲ್ಕನೇ ದಿನಕ್ಕೆ ಬಂತು. ನೋಡಲು ಹೊಳೆಯುತ್ತಿತ್ತು. ಅತ್ತೆಯನ್ನು ಕೂರಿಸಿ ನೂಕಿದರೆ ಮಾತ್ರ ನೇರ ಹೋಗಲೊಲ್ಲದು. ಮುಂದಿನ ಎರಡು ಸಣ್ಣ ಚಕ್ರಗಳಲ್ಲಿ ಒಂದು ಗಾತ್ರದಲ್ಲೇ ಚಿಕ್ಕದು, ಬಲಗಡೆಯ ಬ್ರೇಕು ಚಕ್ರಕ್ಕೆ ತಾಗುತ್ತಲೇ ಇರಲಿಲ್ಲ. ಎತ್ತ ನೂಕಿದರೂ ಎಡಕ್ಕೆ ತಿರುಗಿ ಅಡುಗೆಮನೆ ಬಾಗಿಲಿಗೆ ಹೋಗಿ ನಿಲ್ಲುತ್ತಿತ್ತು.

“ಇದನ್ನ ನಿನ್ನ ತವರಿನವರೇ ಕಳಿಸಿರಬೇಕು ಕಣೇ,” ಅಂದರು ಅತ್ತೆ. “ಸೊಂಟ ಮುರಿದರೂ ನನ್ನನ್ನ ಅಡುಗೆಮನೆಗೇ ಎಳೀತಾ ಇದೆ.”

ವಾಪಸ್ ಮಾಡುವುದೆಂದು ಆಯಿತು. ಫೋನಿನಲ್ಲಿ ಅದಕ್ಕೂ ಒಂದು ಗುಂಡಿ ಇತ್ತು, ಒತ್ತಿದಳು. ಎರಡು ದಿನ ಬಿಟ್ಟು ಪಾರ್ಸೆಲ್ ಒಯ್ಯುವಾತ ಬಂದ. ನಲವತ್ತು ದಾಟಿದ, ಬೆವರಿ ತೊಯ್ದುಹೋದ, ಮೆಲುಮಾತಿನ ಮನುಷ್ಯ. ಎರಡು ಮಹಡಿ ಹತ್ತಿ ಬಂದವನಿಗೆ ನೀರು ಕೊಟ್ಟು, ಅವನೆದುರಿಗೇ ಕುರ್ಚಿ ಮಡಚಿ ಪೆಟ್ಟಿಗೆಯೊಳಗಿಟ್ಟು ಟೇಪು ಸುತ್ತಿದಳು. ಅವನು ಫೋನಿನಲ್ಲಿ ಪೆಟ್ಟಿಗೆಯ ಫೋಟೋ ತೆಗೆದು ಹೊರಡಲು ನೋಡಿದ. ಇವಳು ಬಿಡಬೇಕಲ್ಲ. ಜೊತೆಗೆ ಜನ ಇಲ್ಲದೆ ಹೋಗುವ ಲಗೇಜು ಇದು, ತೂಕ ಆಗಲೇಬೇಕು ಎಂದಳು. ಕೆಳಗಡೆ ರದ್ದಿ ಅಂಗಡಿಯಿತ್ತು. ಹಳೇ ಪೇಪರ್ ತೂಗುವ ತಕ್ಕಡಿಯ ಮೇಲೆ ಪೆಟ್ಟಿಗೆ ಇಳಿಸಿದರು. ಹತ್ತೊಂಬತ್ತು ಕೆಜಿ ಇನ್ನೂರು ಗ್ರಾಂ. ರದ್ದಿ ಅಂಗಡಿಯವರ ಚೀಟಿಯಲ್ಲಿ ತಾರೀಖು, ಹೊತ್ತು, ತೂಕ ಬರೆಸಿ, ಪಾರ್ಸೆಲಿನವನ ಕೈಲಿ ಸಹಿಯನ್ನೂ ಫೋನ್ ನಂಬರನ್ನೂ ಹಾಕಿಸಿಕೊಂಡಳು. ಇಷ್ಟು ವರ್ಷದ ಕೆಲಸದಲ್ಲಿ ತೂಕಕ್ಕೆ ಸಹಿ ಹಾಕಿದ್ದು ಇದೇ ಮೊದಲು ಎಂದು ಅವನು ನಕ್ಕ. ಮಹಡಿಯ ಮೇಲಿಂದ ನೋಡುತ್ತಿದ್ದ ಗಂಡನೂ ನಕ್ಕ.

ಏಳು ಕೆಲಸದ ದಿನದಲ್ಲಿ ಹಣ ವಾಪಸ್ ಎಂದು ಮೆಸೇಜು ಬಂತು. ಅಲ್ಲಿಯವರೆಗೆ ಎಂದು ದಿನಬಾಡಿಗೆಗೆ ಒಂದು ಹಳೇ ಗಾಲಿಕುರ್ಚಿ ತಂದರು. ಏಳು ದಿನ ಕಳೆಯಿತು. ಫೋನ್ ಮಾಡಿದರೆ ಇನ್ನು ನಲವತ್ತೆಂಟು ಗಂಟೆ ಎಂದರು. ಆ ನಲವತ್ತೆಂಟು ಗಂಟೆ ಮುಗಿದ ಮೇಲೆ ಹೊಸದಾಗಿ ನಲವತ್ತೆಂಟು ಗಂಟೆ ಶುರುವಾಯಿತು. ಬಸ್ಸು ಕೊನೆಯ ಸ್ಟಾಪಿನಲ್ಲಿ ನಿಂತು ಡ್ರೈವರು ಟೀ ಕುಡಿದು ಬರುವ ಹತ್ತು ನಿಮಿಷದಲ್ಲಿ ಅವಳು ಹಿಂದಿನ ಸೀಟಿನಲ್ಲಿ ಕೂತು ಕಸ್ಟಮರ್ ಕೇರಿಗೆ ಫೋನ್ ಹಚ್ಚುತ್ತಿದ್ದಳು. ಅದರಲ್ಲಿ ಎಂಟು ನಿಮಿಷ ಸಂಗೀತಕ್ಕೇ ಹೋಗುತ್ತಿತ್ತು. ಪ್ರತಿ ಸಲ ಹೊಸ ದನಿ, ಪ್ರತಿ ಸಲ ಕಥೆ ಮೊದಲಿಂದ. ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಅರ್ಥವಾದವರು ಒಬ್ಬರೂ ಇರಲಿಲ್ಲ.

ಇಪ್ಪತ್ಮೂರನೇ ದಿನ, ಅವಳು ಡಿಪೋದಲ್ಲಿ ಟ್ರಿಪ್ ಶೀಟು ತುಂಬುತ್ತಿರುವಾಗ, ಒಂದು ಮೆಸೇಜು ಬಂತು. ನೀವು ವಾಪಸ್ ಕಳಿಸಿದ ಪೆಟ್ಟಿಗೆ ಗೋದಾಮಿನಲ್ಲಿ ತೆರೆದಾಗ ಖಾಲಿ ಇತ್ತು, ಆದ್ದರಿಂದ ಹಣ ಹಿಂತಿರುಗಿಸಲು ಸಾಧ್ಯವಿಲ್ಲ, ಇಂಥದ್ದು ಮರುಕಳಿಸಿದರೆ ನಿಮ್ಮ ಖಾತೆಯನ್ನು ಮುಚ್ಚಲಾಗುವುದು.

ಓದಿದಳು. ಇನ್ನೊಮ್ಮೆ ಓದಿದಳು. ಹಣ ಇಲ್ಲ ಎಂದಿದ್ದರೆ ಬೈದು ಸುಮ್ಮನಾಗುತ್ತಿದ್ದಳೋ ಏನೋ. ಆದರೆ ಇದು ಹಣದ ಮಾತಲ್ಲ. ಕುರ್ಚಿಯನ್ನೂ ಇಟ್ಟುಕೊಂಡು ದುಡ್ಡನ್ನೂ ಕೇಳಿದ ಕಳ್ಳಿ ಎಂದು ಮುಖ ನೋಡದವರು ಮುಖಕ್ಕೆ ಹೊಡೆದ ಹಾಗೆ ಬರೆದಿದ್ದರು.

ಅವಳಿಗೆ ಈ ಮಾತು ಯಾಕೆ ಅಷ್ಟು ತಾಗಿತು ಎನ್ನುವುದಕ್ಕೆ ಹಳೆಯ ಕಾರಣವಿತ್ತು. ಕೆಲಸಕ್ಕೆ ಸೇರಿದ ಒಂಬತ್ತನೇ ವರ್ಷ ತನಿಖೆಯವರು ಬಸ್ಸು ಹತ್ತಿ, ಚೀಲದಲ್ಲಿ ಲೆಕ್ಕಕ್ಕಿಂತ ಹೆಚ್ಚು ಹಣ ಇದೆ, ಟಿಕೆಟ್ ಕೊಡದೆ ಜೇಬಿಗಿಳಿಸುತ್ತಿದ್ದಾಳೆ ಎಂದು ಬರೆದಿದ್ದರು. ಒಬ್ಬ ಮುದುಕ ಚಿಲ್ಲರೆ ತೆಗೆದುಕೊಳ್ಳದೆ ಇಳಿದುಹೋಗಿದ್ದ, ಅಷ್ಟೇ. ನಾಲ್ಕು ತಿಂಗಳು ಸಸ್ಪೆಂಡ್. ವಿಚಾರಣೆಯಲ್ಲಿ ಹಿರಿಯರೊಬ್ಬರು, ತಪ್ಪಾಯ್ತು ಅಂತ ಒಂದು ಸಾಲು ಬರೆದುಕೊಡಮ್ಮ, ಸಣ್ಣ ದಂಡ ಹಾಕಿ ಬಿಟ್ಟುಬಿಡ್ತಾರೆ ಎಂದಿದ್ದರು. ಮನೆಯಲ್ಲಿ ಒಲೆ ಹೊತ್ತುವುದೇ ಕಷ್ಟವಾಗಿದ್ದ ಕಾಲ. ಬರೆದುಕೊಟ್ಟಳು. ಕೆಲಸ ಉಳಿಯಿತು. ಆ ಸಾಲೂ ಅವಳ ಸರ್ವೀಸ್ ಪುಸ್ತಕದಲ್ಲಿ ಉಳಿಯಿತು. ಆಮೇಲೆ ಬಡ್ತಿಯ ಪಟ್ಟಿ ಬಂದಾಗಲೆಲ್ಲ ಯಾರಾದರೊಬ್ಬರು ಆ ಪುಟ ತೆರೆದು ತೋರಿಸುತ್ತಿದ್ದರು. ಮಾಡದ ತಪ್ಪಿಗೆ ಸಹಿ ಹಾಕಿದ ಕೈ ಇದು ಎಂದು ಅವಳು ತನ್ನ ಬಲಗೈಯನ್ನು ಎಷ್ಟೋ ಸಲ ನೋಡಿಕೊಂಡದ್ದುಂಟು.

ಮಾರನೇ ದಿನವೇ ರದ್ದಿ ಅಂಗಡಿಯ ಚೀಟಿಯ ಫೋಟೋ ಕಂಪನಿಗೆ ಕಳಿಸಿದಳು. ಖಾಲಿ ಪೆಟ್ಟಿಗೆ ಹತ್ತೊಂಬತ್ತು ಕೆಜಿ ತೂಗುವುದು ಹೇಗೆ ಎಂದು ಕೇಳಿದಳು. ಉತ್ತರವಾಗಿ ಒಂದು ಕೂಪನ್ ಬಂತು. ನಿಮ್ಮ ಮೇಲಿನ ವಿಶ್ವಾಸದಿಂದ ಎರಡು ಸಾವಿರದ ಕೂಪನ್ ನೀಡುತ್ತಿದ್ದೇವೆ, ಮುಂದಿನ ಖರೀದಿಗೆ ಬಳಸಿಕೊಳ್ಳಿ ಎಂದು. ಕಳ್ಳಿ ಎಂದವರೇ ವಿಶ್ವಾಸವನ್ನೂ ತೋರಿಸುತ್ತಿದ್ದರು. ಬೇಡ ಎಂದು ವಾಪಸ್ ಬರೆದಳು. ಅವಳು ಪಟ್ಟು ಬಿಡುವವಳಲ್ಲ ಎಂದು ಅಲ್ಲಿ ಯಾರಿಗೋ ಹೊಳೆದಿರಬೇಕು. ಒಂದು ಮಧ್ಯಾಹ್ನ ಮೇಲಿನ ಅಧಿಕಾರಿ ಎಂದು ಹೇಳಿಕೊಂಡ ಒಬ್ಬಾತ ತಾನೇ ಫೋನ್ ಮಾಡಿದ. ನಯವಾದ ದನಿ.

“ಮೇಡಂ, ತೂಕದ ಚೀಟಿ ನೋಡಿದ್ವಿ. ಅಂದ್ರೆ ನಿಮ್ಮ ಮನೆಯಿಂದ ಹೊರಟಾಗ ಕುರ್ಚಿ ಇತ್ತು, ನಮ್ಮಲ್ಲಿಗೆ ಬಂದಾಗ ಇರಲಿಲ್ಲ. ಮಧ್ಯದಲ್ಲಿ ಇದ್ದಿದ್ದು ಒಬ್ಬನೇ. ಆ ಪಾರ್ಸೆಲ್ ತಗೊಂಡು ಹೋದವನ ಮೇಲೆ ಅನುಮಾನ ಇದೆ ಅಂತ ಎರಡು ಸಾಲು ದೂರು ಬರೆದು ಕಳಿಸಿ. ನಲವತ್ತೆಂಟು ಗಂಟೆಯಲ್ಲಿ ನಿಮ್ಮ ಹಣ ನಿಮಗೆ.”

“ಅವರು ತಗೊಂಡಿದ್ದು ನೀವು ನೋಡಿದ್ರಾ?” ಎಂದು ಕೇಳಿದಳು.

“ನೋಡೋದೇನು ಮೇಡಂ, ಇದು ಬರೀ ಒಂದು ಪದ್ಧತಿ.”

ಯೋಚಿಸಿ ಹೇಳುತ್ತೇನೆ ಎಂದು ಫೋನ್ ಇಟ್ಟಳು. ಅಂದು ಊಟಕ್ಕೆ ಕೂತಾಗ ಗಂಡನಿಗೆ ವಿಷಯ ಹೇಳಿದಳು. ಅವನು, ಬಾಡಿಗೆ ಕುರ್ಚಿಗೆ ದಿನಾ ದುಡ್ಡು ಹೋಗ್ತಾ ಇದೆ, ಅವನೇ ತೆಗೆದಿದ್ದರೂ ತೆಗೆದಿರಬಹುದು, ನಮಗೇನು ಗೊತ್ತು, ಬರೆದು ಕೈ ತೊಳ್ಕೊಂಡುಬಿಡು ಎಂದ. ಅವಳು ಊಟ ಮುಗಿಸಿ ಎದ್ದಳು. ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದಳು.

ಪಾರ್ಸೆಲಿನವನು ಮಾರನೇ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೇ ಬಂದ. ಒಂದು ತಿಂಗಳಲ್ಲಿ ಇಳಿದುಹೋಗಿದ್ದ. ಕಂಪನಿಯವರು ಆಗಲೇ ಅವನ ಐಡಿ ಬಂದ್ ಮಾಡಿದ್ದರು. ಯಾವ ಕಾರಣ ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಬೆಳಿಗ್ಗೆ ಎದ್ದು ಫೋನ್ ತೆರೆದರೆ ಕೆಲಸದ ಪಟ್ಟಿಯೇ ಇಲ್ಲ. ಈಗ ತರಕಾರಿ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದೇನೆ, ಮನೆಯಲ್ಲಿ ಹೆಂಡತಿಗೆ ಇನ್ನೂ ಹೇಳಿಲ್ಲ, ದಿನಾ ಅದೇ ಕಂಪನಿ ಅಂಗಿ ಹಾಕಿಕೊಂಡೇ ಹೊರಡುತ್ತೇನೆ ಎಂದು ಹೇಳಿ, ತಲೆ ತಗ್ಗಿಸಿದ.

“ಬರೆದುಕೊಡಿ ಅಕ್ಕಾ,” ಅಂದ. “ನಂದು ಹೇಗಿದ್ರೂ ಹೋಯ್ತು. ನಿಮ್ಮ ದುಡ್ಡಾದ್ರೂ ಬರಲಿ. ನಾನು ಬೇಜಾರು ಮಾಡ್ಕೊಳಲ್ಲ.”

ಅವಳಿಗೆ ಕಂಪನಿಯ ಮೇಲಿದ್ದದ್ದಕ್ಕಿಂತ ಹೆಚ್ಚು ಸಿಟ್ಟು ಆ ಕ್ಷಣ ಅವನ ಮೇಲೆ ಬಂತು.

“ನೋಡಿ ಅಣ್ಣಾ, ಒಂದು ಸಲ ಸುಮ್ಮನೆ ಒಂದು ಸಾಲು ಬರೆದುಕೊಟ್ಟು ಹದಿಮೂರು ವರ್ಷದಿಂದ ಅನುಭವಿಸ್ತಾ ಇದೀನಿ. ಅದು ನನ್ನ ಮೇಲೆ ನಾನೇ ಬರೆದಿದ್ದು. ಇನ್ನೊಬ್ಬರ ಮೇಲೆ ಬರೆದು ಆ ದುಡ್ಡಲ್ಲಿ ನಮ್ಮತ್ತೇನ ಕೂರಿಸ್ಲಾ? ಸಾಕ್ಷಿಗೆ ಬರ್ತೀರೋ ಇಲ್ವೋ, ಅಷ್ಟು ಹೇಳಿ.”

ಅವನು ಬರುತ್ತೇನೆ ಎಂದ. ಬಸ್ಸು ಹೊರಡುವ ಹೊತ್ತಾಗಿತ್ತು. ಅವನನ್ನೇ ಹತ್ತಿಸಿಕೊಂಡು ಮಾರ್ಕೆಟ್ಟಿನ ಹತ್ತಿರ ಇಳಿಸಿದಳು. ಟಿಕೆಟ್ ಮಾತ್ರ ಕೊಟ್ಟೇ ಕೊಟ್ಟಳು, ಹಣ ತನ್ನ ಜೇಬಿನಿಂದ ಹಾಕಿದಳು.

ವಾರದ ರಜೆಯ ದಿನ ಗ್ರಾಹಕರ ನ್ಯಾಯಾಲಯಕ್ಕೆ ಹೋದಳು. ಹಳೆಯ ಸರ್ಕಾರಿ ಕಟ್ಟಡದ ಮೂರನೇ ಮಹಡಿ, ಲಿಫ್ಟು ಕೆಟ್ಟಿತ್ತು. ವಕೀಲರಿಲ್ಲದೆಯೂ ದೂರು ಕೊಡಬಹುದು ಎಂದು ಅಲ್ಲಿನ ಗುಮಾಸ್ತೆ ಒಬ್ಬಳು ಹೇಳಿ ಅರ್ಜಿಯ ನಮೂನೆ ಕೊಟ್ಟಳು. ರೈಟಕ್ಕನ ಅಕ್ಷರ ದುಂಡಗೆ, ಟಿಕೆಟ್ಟಿನ ಹಿಂದೆ ಚಿಲ್ಲರೆ ಬಾಕಿ ಬರೆದು ಬರೆದು ಪಳಗಿದ್ದು. ನಾಲ್ಕು ಹಾಳೆಯಲ್ಲಿ ನಡೆದದ್ದನ್ನೆಲ್ಲ ತಾರೀಖಿನ ಸಮೇತ ಬರೆದಳು. ರದ್ದಿ ಅಂಗಡಿಯವರು ಮೊದಲು ಕೋರ್ಟು ಗೀರ್ಟು ನನಗ್ಯಾಕೆ ಎಂದು ಹಿಂಜರಿದರು. ನಿಮ್ಮ ತಕ್ಕಡಿ ಸುಳ್ಳು ಅಂತ ಅವರು ಹೇಳಿದ ಹಾಗಾಯ್ತಲ್ಲ ಎಂದು ಇವಳು ಕೇಳಿದ ಮೇಲೆ ಮಾತ್ರ ಅವರ ಮೂಗಿನ ತುದಿ ಕೆಂಪಾಯಿತು. ತಕ್ಕಡಿಗೆ ಮುದ್ರೆ ಹಾಕಿಸಿದ ಸರ್ಟಿಫಿಕೇಟನ್ನೂ ತಂದು ಕೊಟ್ಟರು. ಗಂಡ ಕಾಗದಗಳನ್ನೆಲ್ಲ ಪ್ರೆಸ್ಸಿಗೆ ಒಯ್ದು, ನಾಲ್ಕು ಪ್ರತಿ ಮಾಡಿಸಿ, ದಪ್ಪ ರಟ್ಟು ಹಾಕಿ ಹೊಲಿದು ತಂದ. ವಕೀಲರ ಕೈಲಿರುವ ಫೈಲೂ ಹಾಗಿರುವುದಿಲ್ಲ.

ನೋಟಿಸು ಹೋಯಿತು. ಮೊದಲ ವಿಚಾರಣೆಗೆ ಮೂರು ದಿನ ಮುಂಚೆ ಅವಳ ಖಾತೆಗೆ ಹನ್ನೊಂದು ಸಾವಿರವೂ ಬಂದು ಬಿತ್ತು. ಒಂದು ಮಾತಿಲ್ಲ, ಕಥೆಯಿಲ್ಲ. ಗಂಡನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮುಗೀತಲ್ಲ ಎಂದ. ಮುಗಿದಿಲ್ಲ ಎಂದಳು. ಎಲ್ಲ ಬಂತಲ್ಲೇ, ಇನ್ನೇನು ಬೇಕು ನಿನಗೆ ಎಂದು ಅವನು ಕೇಳಿದ್ದಕ್ಕೆ ಅತ್ತೆ ಕುರ್ಚಿಯಿಂದಲೇ, ಅವಳಿಗೇನು ಬೇಕು ಅಂತ ನಿನಗೆ ಗೊತ್ತಾಗಲ್ಲ, ನೀನು ಸುಮ್ನೆ ರಟ್ಟು ಅಂಟಿಸು ಎಂದರು. ಸೊಸೆಯ ಪರವಾಗಿ ಅವರು ಮಗನಿಗೆ ಗದರಿದ್ದು ಇಪ್ಪತ್ತು ವರ್ಷದಲ್ಲಿ ಅದು ಎರಡನೇ ಸಲವೋ ಮೂರನೇ ಸಲವೋ.

ವಿಚಾರಣೆಯ ದಿನ ಯೂನಿಫಾರ್ಮಿನಲ್ಲೇ ಹೋದಳು. ಮಧ್ಯಾಹ್ನದ ಪಾಳಿ ಇತ್ತು. ಪಾರ್ಸೆಲಿನವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗೋಡೆಗೆ ಒರಗಿ ನಿಂತಿದ್ದ. ಕಂಪನಿಯ ವಕೀಲ ಎಳೆಯ ವಯಸ್ಸಿನವನು, ಫೋನಿನಲ್ಲೇ ಕಡತ ಓದುತ್ತಿದ್ದ. ಪೀಠದಲ್ಲಿ ಅಧ್ಯಕ್ಷೆಯಾಗಿ ಕನ್ನಡಕದ ಹಿರಿಯ ಹೆಂಗಸೊಬ್ಬರಿದ್ದರು. ಹಣ ಪೂರ್ತಿ ಕೊಟ್ಟಾಗಿದೆ, ದೂರಿಗೆ ಈಗ ಆಧಾರವೇ ಇಲ್ಲ, ವಜಾ ಮಾಡಬೇಕು ಎಂದು ವಕೀಲ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ.

“ಹಣ ಬಂತೇನಮ್ಮ?” ಎಂದು ಅಧ್ಯಕ್ಷೆ ಕೇಳಿದರು.

“ಬಂದಿದೆ ಮೇಡಂ. ಯಾಕೆ ಬಂತು ಅಂತ ಗೊತ್ತಾಗಲಿಲ್ಲ.”

“ಅಂದ್ರೆ?”

“ಪೆಟ್ಟಿಗೆ ಖಾಲಿ ಇದ್ದಿದ್ರೆ ನನಗೆ ದುಡ್ಡು ಕೊಡಬಾರದಿತ್ತು. ಇವರು ಕೊಟ್ಟಿದಾರೆ. ಖಾಲಿ ಇರಲಿಲ್ಲ ಅಂದ್ರೆ ಹಾಗಂತ ಬರೆದುಕೊಡಬೇಕು. ಎರಡರಲ್ಲಿ ಒಂದು ತಾನೇ ನಿಜ?”

ವಕೀಲ ಎದ್ದು, ಕಂಪನಿ ಕೇವಲ ಸದ್ಭಾವನೆಯಿಂದ ಹಣ ಕೊಟ್ಟಿದೆ ಎಂದ. ಅಲ್ಲಿಯವರೆಗೆ ತಗ್ಗಿಸಿ ಮಾತಾಡುತ್ತಿದ್ದ ಅವಳ ದನಿ ಆಗ ಬಸ್ಸಿನ ದನಿಯಾಯಿತು. ಹೊರಗೆ ಬೆಂಚಿನ ಮೇಲೆ ಕೂತಿದ್ದವರೂ ತಿರುಗಿ ನೋಡಿದರು.

“ನಿಮ್ಮ ಸದ್ಭಾವನೆ ನನಗೆ ಬೇಡ ಸಾರ್. ಕಳ್ಳಿ ಅಂತ ಬರೆದು ಕಳಿಸಿದ್ರಿ, ಅಲ್ಲ ಅಂತ ಬರೆದು ಕಳಿಸಿ. ಅಲ್ಲಿ ನಿಂತಿದಾರಲ್ಲ, ಅವರನ್ನ ಕಳ್ಳ ಅಂತ ನನ್ನ ಕೈಲೇ ಬರೆಸೋಕೆ ನೋಡಿದ್ರಿ. ಅವರ ಹೆಸರೂ ಆ ಕಾಗದದಲ್ಲಿ ಬರಬೇಕು. ಇಲ್ಲಾಂದ್ರೆ ನಿಮ್ಮ ಹನ್ನೊಂದು ಸಾವಿರ ಈಗಲೇ ವಾಪಸ್ ಹಾಕ್ತೀನಿ, ಕೇಸು ನಡೀಲಿ.”

ಅಧ್ಯಕ್ಷೆ ಮೆಲ್ಲಗೆ ಮಾತಾಡಮ್ಮ ಎಂದರು. ಆದರೆ ಅವರು ರಟ್ಟಿನ ಫೈಲನ್ನು ಹತ್ತಿರ ಎಳೆದುಕೊಂಡು ರದ್ದಿ ಅಂಗಡಿಯ ಚೀಟಿಯನ್ನು ಎರಡು ಸಲ ಓದಿದ್ದನ್ನು ಅವಳು ನೋಡಿದಳು. ಗೋದಾಮಿನ ಒಳಗೆ ಬರುವ ಪ್ರತಿ ಪೆಟ್ಟಿಗೆಯನ್ನೂ ತೂಗುತ್ತಾರಾ ಎಂದು ಅಧ್ಯಕ್ಷೆ ವಕೀಲನನ್ನು ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ತಿಳಿದುಕೊಂಡು, ಆ ದಿನದ ತೂಕದ ದಾಖಲೆ ತಂದು ಹಾಜರುಪಡಿಸಿ ಎಂದು ಮುಂದಿನ ತಾರೀಖು ಕೊಟ್ಟರು.

ಮುಂದಿನ ತಾರೀಖಿಗೆ ದಾಖಲೆ ಬರಲಿಲ್ಲ. ಅದರ ಮುಂದಿನ ತಾರೀಖಿಗೂ ಇಲ್ಲ. ಎರಡು ಸಲವೂ ಅವಳು ಪಾಳಿ ಬದಲಾಯಿಸಿಕೊಂಡು, ಮೂರು ಮಹಡಿ ಹತ್ತಿ, ಬರಿಗೈಯಲ್ಲಿ ಇಳಿದಳು. ಡಿಪೋದಲ್ಲಿ ಕೆಲವರು ಮೂಗು ಮುರಿದರು. ದುಡ್ಡು ಬಂದ ಮೇಲೂ ಕೋರ್ಟಿಗೆ ಅಲೆಯುತ್ತಿದ್ದಾಳೆ, ಪಾರ್ಸೆಲಿನವನು ಇವಳಿಗೇನು ಅಣ್ಣನೋ ತಮ್ಮನೋ ಎಂದು ಬೆನ್ನ ಹಿಂದೆ ಆಡಿಕೊಂಡರು. ಅವಳು ಸೊಪ್ಪು ಹಾಕಲಿಲ್ಲ. ಮೂರನೇ ಸಲ ಅಧ್ಯಕ್ಷೆ, ದಾಖಲೆ ಇಲ್ಲದಿದ್ದರೆ ದೂರಿನಲ್ಲಿರುವುದೇ ನಿಜ ಎಂದು ಆದೇಶ ಬರೆಯುತ್ತೇನೆ ಎಂದು ಗದರಿದ ಮೇಲೆ ಒಂದು ಹಾಳೆ ಹೊರಬಂತು.

ಅದರಲ್ಲಿ ಎಲ್ಲವೂ ಇತ್ತು. ಗೋದಾಮಿನ ಬಾಗಿಲಲ್ಲಿ ಆ ಪೆಟ್ಟಿಗೆಯ ತೂಕ ಹತ್ತೊಂಬತ್ತು ಕೆಜಿ ಇನ್ನೂರು ಗ್ರಾಂ. ಒಳಗೆ ಹೋದ ಮೇಲೆ ಇನ್ನೊಂದು ಪೆಟ್ಟಿಗೆಯ ಚೀಟಿಯೂ ಇದರ ಚೀಟಿಯೂ ಅದಲುಬದಲಾಗಿ, ತೆರೆದು ನೋಡಿದವರು ಯಾವುದೋ ಖಾಲಿ ಪೆಟ್ಟಿಗೆ ನೋಡಿ ಇವಳ ಲೆಕ್ಕಕ್ಕೆ ಬರೆದಿದ್ದರು. ಡೊಂಕು ಕುರ್ಚಿ ಅಷ್ಟು ದಿನವೂ ಅದೇ ಗೋದಾಮಿನ ಮೂಲೆಯಲ್ಲಿ ಕೂತಿತ್ತು. ಕಂಪನಿಗೆ ಇದು ತಿಳಿದು ಎರಡು ತಿಂಗಳೇ ಆಗಿತ್ತು. ಹಣ ಸದ್ದಿಲ್ಲದೆ ಬಂದು ಬಿದ್ದದ್ದು ಅದಕ್ಕೇ.

ಅಧ್ಯಕ್ಷೆ ಆ ಹಾಳೆ ಓದಿ ಮುಗಿಸುವಷ್ಟರಲ್ಲಿ ಪಾರ್ಸೆಲಿನವನು ಎದ್ದು ಹೊರಗೆ ಹೋದ. ಅವಳು ಹೋಗಿ ನೋಡಿದಾಗ ಮೆಟ್ಟಿಲ ಮೇಲೆ ಕೂತು ಮುಖ ಒರೆಸಿಕೊಳ್ಳುತ್ತಿದ್ದ. ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತಿದ್ದು, ಪಾಳಿಗೆ ಹೊತ್ತಾಯಿತು ಎಂದು ಎದ್ದಳು.

ಆದೇಶ ಬಂದದ್ದು ಇನ್ನೊಂದು ತಿಂಗಳಿಗೆ. ಬಾಡಿಗೆ ಕುರ್ಚಿಯ ಖರ್ಚು, ಓಡಾಟದ ಖರ್ಚು, ಮೇಲೆ ಒಂದಿಷ್ಟು ಪರಿಹಾರ. ಮುಖ್ಯವಾಗಿ, ಪೆಟ್ಟಿಗೆ ಖಾಲಿ ಇರಲಿಲ್ಲ, ಗ್ರಾಹಕಿಯದಾಗಲಿ ಒಯ್ದವನದಾಗಲಿ ಯಾವ ತಪ್ಪೂ ಇಲ್ಲ ಎಂದು ಕಂಪನಿ ಇಬ್ಬರಿಗೂ ಪತ್ರ ಬರೆಯಬೇಕು ಎಂದಿತ್ತು. ಪಾರ್ಸೆಲಿನವನ ಐಡಿ ಮತ್ತೆ ತೆರೆಯಿತು. ಎರಡು ವಾರ ಹೋಗಿ ಬಂದ. ಆಮೇಲೆ ತಾನೇ ಬಿಟ್ಟ. ಆ ಅಂಗಿ ಮೈಮೇಲೆ ಹಾಕಿಕೊಂಡರೆ ತುರಿಸುತ್ತದೆ ಅಕ್ಕಾ ಎಂದು ಹೇಳಿ, ಪತ್ರದ ಪ್ರತಿ ತೋರಿಸಿ ಒಂದು ಔಷಧಿ ಸಗಟು ಅಂಗಡಿಯಲ್ಲಿ ಸಾಮಾನು ತಲುಪಿಸುವ ಕೆಲಸ ಹಿಡಿದ. ಹೆಂಡತಿಗೆ ಎಲ್ಲವನ್ನೂ ಹೇಳಿದನಂತೆ. ಕೆಲಸ ಹೋಗಿದ್ದಕ್ಕಲ್ಲ, ಅದನ್ನು ಮುಚ್ಚಿಟ್ಟಿದ್ದಕ್ಕೆ ಅವಳು ಮೂರು ದಿನ ಮಾತು ಬಿಟ್ಟಳಂತೆ.

ರೈಟಕ್ಕನ ಪತ್ರ ಬಂದ ಹೊತ್ತಿಗೆ ಅತ್ತೆ ವಾಕರ್ ಹಿಡಿದು ನಡೆಯಲು ಶುರು ಮಾಡಿದ್ದರು. ಗಟ್ಟಿಯಾಗಿ ಓದು ಎಂದರು. ಅವಳು ನಿಂತುಕೊಂಡೇ ಓದಿದಳು.

“ಕ್ಷಮೆ ಕೇಳಿದಾರಾ?” ಎಂದು ಅತ್ತೆ ಕೇಳಿದರು.

“ವಿಷಾದಿಸುತ್ತೇವೆ ಅಂತ ಬರೆದಿದಾರೆ ಅತ್ತೆ.”

“ವಿಷಾದ ಅಂದ್ರೆ ಏನು? ಅವರಿಗೆ ಬೇಜಾರಾಯ್ತು ಅಂತ. ಅವರಿಗೆ ಬೇಜಾರಾದ್ರೆ ನಮಗೇನು?”

ಗಂಡ ತಲೆ ಎತ್ತಿ ಹೆಂಡತಿಯ ಮುಖ ನೋಡಿದ. ಆ ಮುಖದಲ್ಲಿ ಏನಿತ್ತೋ, ಎದ್ದು ಹೋಗಿ ಪ್ರೆಸ್ಸಿನಿಂದ ತಂದ ಬಿಳಿ ಹಾಳೆಗಳ ಕಟ್ಟಿನಿಂದ ಎರಡು ಹಾಳೆ ಎಳೆದು ಮೇಜಿನ ಮೇಲಿಟ್ಟ. ಅವಳು ಹಣದ ಚೀಲವನ್ನು ಗೂಟಕ್ಕೆ ತಗುಲಿಸಿ, ಪೆನ್ನು ತೆಗೆದುಕೊಂಡು ಕೂತಳು.

“ಕೋರ್ಟಿಗೆ ಬರೀತೀಯೋ ಕಂಪನಿಗೆ ಬರೀತೀಯೋ?” ಅಂದರು ಅತ್ತೆ.

“ಕಂಪನಿಗೆ. ಕ್ಷಮೆ ಅಂತಲೇ ಬರೀರಿ ಅಂತ. ಇದಾದ ಮೇಲೆ ಡಿಪೋಗೂ ಒಂದು ಬರೀಬೇಕು, ಆ ಹಳೇ ಪುಟದ ಬಗ್ಗೆ,” ಎಂದು ಅವಳು ಮೇಲೆ ತಾರೀಖು ಹಾಕಿದಳು.